ಆಫ್‌ಲೈನ್ ಅಳಿಯ

ವೈರ್‌ಲೆಸ್ ಪ್ರಿಂಟರ್ ಅಂದರೆ ಹಬ್ಬಕ್ಕೆ ಬಂದ ಅಳಿಯನ ಹಾಗೆ. ಯಾವಾಗ ಮುನಿಸಿಕೊಳ್ಳುತ್ತದೋ ಹೇಳಲಾಗದು. ಕಣ್ಣೆದುರೇ ದೀಪ ಮಿನುಗಿಸುತ್ತಾ ಕೂತಿರುತ್ತದೆ, ಕಂಪ್ಯೂಟರ್ ಮಾತ್ರ ‘ಆಫ್‌ಲೈನ್’ ಅನ್ನುತ್ತದೆ. ಕರೆಂಟ್ ಹೋಗಿ ಬಂದಾಗ ರೂಟರ್ ಪ್ರಿಂಟರ್‌ಗೆ ಹೊಸ ಐಪಿ ವಿಳಾಸ ಕೊಟ್ಟಿರುತ್ತದೆ. ಕಂಪ್ಯೂಟರ್ ಇನ್ನೂ ಹಳೇ ವಿಳಾಸವನ್ನೇ ಹುಡುಕುತ್ತಿರುತ್ತದೆ. ನಾವೋ ಸಿಟ್ಟಿನಿಂದ ಮತ್ತೆ ಮತ್ತೆ ‘ಪ್ರಿಂಟ್’ ಒತ್ತುತ್ತೇವೆ. ಹೊಸ ವಿಳಾಸ ತೋರಿಸಿದ್ದೇ ತಡ, ಕ್ಯೂನಲ್ಲಿದ್ದದ್ದೆಲ್ಲ ದಬದಬನೆ ಹೊರಬರುತ್ತದೆ. ಒಬ್ಬನೇ ಮಗ, ಹಾಲ್ ಟಿಕೆಟ್ ಇಡೀ ತರಗತಿಗಾಗುವಷ್ಟು!

ಬ್ಲೂಟೂತ್‌ದು ಇನ್ನೊಂದು ರಗಳೆ. ಅದಕ್ಕೂ ಮೈಕ್ರೋವೇವ್ ಒಲೆಗೂ 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳೇ. ಅಡುಗೆಮನೆಯಲ್ಲಿ ಹಪ್ಪಳ ಸುಟ್ಟರೆ ಇಲ್ಲಿ ಇಯರ್‌ಫೋನಿನಲ್ಲಿ ಭೀಮಸೇನ ಜೋಶಿಯವರ ತಾನ ತುಂಡಾಗಬಹುದು. ಇನ್ನು ಕನೆಕ್ಟೇ ಆಗದೆ ಹಟ ಹಿಡಿದರೆ ‘ರಿಮೂವ್ ಮಾಡಿ ಮತ್ತೆ ಪೇರ್ ಮಾಡಿ’ ಅನ್ನುತ್ತಾರೆ ಬಲ್ಲವರು.

“ಪುಣ್ಯ ಮಾಡಿದ್ದವು, ಆ ಸೌಲಭ್ಯ ಯಂತ್ರಗಳಿಗಷ್ಟೇ!” ಅಂದಳು ನನ್ನವಳು.