ಹೆಬ್ಬಾತು ಪ್ರಮಾಣ ವಿಚಾರ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ವಿಷಯ: ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು. ಅಧಿಕಾರಿ: ಕಾರ್ತಿಕ ಮಾಸದ ಶನಿವಾರ ನಸುಕಿನಲ್ಲೇ ಕೆರೆ ಏರಿ ಹತ್ತಿ, ಹಕ್ಕಿಗೆ ಕಾಣಬಾರದೆಂದು ಎಲೆ ಚಿತ್ತಾರದ ಅಂಗಿಯನ್ನೂ ಜೊತೆಯವರಿಗೆ ಕಾಣಲೆಂದು ಕಿತ್ತಳೆ ಟೋಪಿಯನ್ನೂ ಧರಿಸಿ ನಿಂತ ಗೃಹಸ್ಥ. ಪ್ರಯೋಜನ: ಭಾನುವಾರ ಸಂಜೆಯೊಳಗೆ ಕಂಡ ಹಕ್ಕಿಗಳ ಪಟ್ಟಿ ಬೆಳೆಸುವುದು. ಸಂಬಂಧ: ಹಕ್ಕಿಯ ಕಡೆಯಿಂದ ಇನ್ನೂ ಒಪ್ಪಿಗೆ ಬಂದಿಲ್ಲ.

ಮಾಗಡಿ ಎಂದೊಡನೆ ಕೆಂಪೇಗೌಡರ ಮಾಗಡಿಗೆ ಗಾಡಿ ತಿರುಗಿಸುವವನು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ. ಇದು ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಕಟ್ಟಿದ ಕೆರೆ. ವಿಸ್ತಾರ ಸುಮಾರು 50 ಹೆಕ್ಟೇರ್. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಮಂಗೋಲಿಯಾ, ಟಿಬೆಟ್ ಸೀಮೆಯಲ್ಲಿ ಮರಿ ಮಾಡುವ ಹೆಬ್ಬಾತುಗಳು ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. ವರ್ಷಕ್ಕೆ ಸುಮಾರು 8,000 ಎಂಬುದು ಅಂದಾಜು.

ಈಗ ಪ್ರಶ್ನೆ: 'ಹಕ್ಕಿ ಕಂಡೆ' ಎನ್ನಲು ಪ್ರಮಾಣವೇನು? ಚಾರ್ವಾಕರು ಒಂದೇ ಪ್ರಮಾಣ ಒಪ್ಪುತ್ತಾರೆ, ನೈಯಾಯಿಕರು ನಾಲ್ಕು, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಆರು. ಕೆರೆ ದಂಡೆಯಲ್ಲಿ ಆರೂ ಚಾಲ್ತಿಯಲ್ಲಿವೆ.

ಮೊದಲನೆಯದು ಪ್ರತ್ಯಕ್ಷ. ಬಿಳಿ ತಲೆ, ಅದರ ಹಿಂದೆ ಎರಡು ಕರಿ ಪಟ್ಟೆ, ಹಳದಿ ಕೊಕ್ಕು. ಇಷ್ಟು ಕಣ್ಣಿಗೆ ಬಿದ್ದರೆ ಹೆಬ್ಬಾತು ಸಿದ್ಧ. ಆದರೆ ಅದು ಹಗಲಲ್ಲಿ ಕತ್ತು ಹಿಂದಕ್ಕೆ ತಿರುಗಿಸಿ, ಬೆನ್ನ ಗರಿಯೊಳಗೆ ಮುಖ ಹುದುಗಿಸಿ ನಿದ್ದೆ ಹೋಗಿರುತ್ತದೆ. ಪಟ್ಟೆ ತಲೆಯಲ್ಲಿ, ತಲೆ ಗರಿಯಲ್ಲಿ. ಚಾರ್ವಾಕನು ಮೊದಲ ಬಸ್ಸಿಗೇ ಊರಿಗೆ ಮರಳತಕ್ಕದ್ದು.

ಎರಡನೆಯದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆಯೆನ್ನುವಂತೆ, ನಾಮದ ಕೋಳಿಗಳು ದಿಕ್ಕಾಪಾಲಾದದ್ದು ಕಂಡು ಮೇಲೆ ಗಿಡುಗವಿದೆ ಎನ್ನಬೇಕು. ಎಲ್ಲೆಲ್ಲಿ ಗಾಬರಿಯೋ ಅಲ್ಲಲ್ಲಿ ಗಿಡುಗ, ಇದು ವ್ಯಾಪ್ತಿ. ಇಲ್ಲಿ ಹೇತುವಿಗೆ ಸವ್ಯಭಿಚಾರ ದೋಷ ತಗಲುತ್ತದೆ. ಫೋಟೋದವರು 'ಇನ್ನೆರಡೇ ಹೆಜ್ಜೆ' ಎಂದು ನೀರಿಗಿಳಿದಾಗಲೂ ಗಾಬರಿ ಅಷ್ಟೇ. ಪರಿಹಾರ ಸುಲಭ. ಗಿಡುಗ ಬಂದರೆ ದಂಡೆಯವರೆಲ್ಲ ಮೇಲೆ ನೋಡುತ್ತಾರೆ. ಫೋಟೋದವರು ಇಳಿದರೆ ಅವರನ್ನೇ ನೋಡುತ್ತಾರೆ.

ಮೂರನೆಯದು ಉಪಮಾನ. ಗವಯವೆಂಬ ಮೃಗ ಹಸುವಿನ ಹಾಗಿರುತ್ತದೆ ಎಂದು ಕೇಳಿದ್ದವನು ಕಾಡಿನಲ್ಲಿ ಅದನ್ನು ಕಂಡು 'ಇದೇ ಗವಯ' ಎನ್ನುತ್ತಾನಷ್ಟೆ. ಕೆಸರಿನ ಅಂಚಿನಲ್ಲಿ ಓಡಾಡುವ ಪುಟ್ಟ ಹಕ್ಕಿಗಳ ವಿಷಯದಲ್ಲಿ ಇದು ಕೈಕೊಡುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್ ವುಡ್ ಸ್ಯಾಂಡ್‌ಪೈಪರ್‌ನ ಹಾಗೆ, ವುಡ್ ಸ್ಯಾಂಡ್‌ಪೈಪರ್ ಗ್ರೀನ್ ಸ್ಯಾಂಡ್‌ಪೈಪರ್‌ನ ಹಾಗೆ. ರೆಕ್ಕೆಯ ಅಡಿಭಾಗ ಕಪ್ಪಾಗಿದ್ದರೆ ಗ್ರೀನ್, ತಿಳಿಯಾಗಿದ್ದರೆ ವುಡ್; ಅದು ಕಾಣುವುದು ಹಕ್ಕಿ ಹಾರಿದಾಗ ಮಾತ್ರ. ಕೂತಿರುವಷ್ಟು ಹೊತ್ತು ಸಂಶಯ, ಸಂಶಯ ಕಳೆದಾಗ ಹಕ್ಕಿಯಿಲ್ಲ. ಮೋಕ್ಷದ ಬಗೆಗೂ ಹಿರಿಯರು ಹೆಚ್ಚುಕಡಿಮೆ ಹೀಗೇ ಹೇಳಿದ್ದಾರೆ.

ನಾಲ್ಕನೆಯದು ಶಬ್ದ, ಎಂದರೆ ಆಪ್ತವಾಕ್ಯ. ಆಪ್ತನಾರು ಎಂಬಲ್ಲಿ ಮತಭೇದವಿದೆ. ಲೆನ್ಸ್ ಉದ್ದವಿದ್ದವನೇ ಆಪ್ತ ಎಂಬುದು ಒಂದು ಪಕ್ಷ. ಸಲೀಂ ಅಲಿಯವರ 1941ರ ಪುಸ್ತಕವೇ ಆಪ್ತ, ಉಳಿದದ್ದೆಲ್ಲ ವ್ಯಾಖ್ಯಾನ ಎಂಬುದು ಹಿರಿಯರ ಪಕ್ಷ. ಕೂಗು ಕೇಳಿಸಿದರೆ ಹೆಸರು ಹೇಳುವ ಮೊಬೈಲ್ ಆ್ಯಪೇ ಆಪ್ತ ಎನ್ನುವುದು ನವ್ಯನ್ಯಾಯ. ಮೂರು ಪಕ್ಷದವರೂ ವಾದ ಮುಗಿಸಿ, ಗೇಟಿನ ಬಳಿ ಬೀಡಿ ಸೇದುತ್ತಿರುವ ಕಾವಲುಗಾರನ ಹತ್ತಿರ ಹೋಗಿ 'ಹಕ್ಕಿ ಯಾವ ಕಡೆ ಅದಾವ್ರೀ?' ಎಂದು ಕೇಳುವುದು ಸಂಪ್ರದಾಯ.

ಐದನೆಯದು ಅರ್ಥಾಪತ್ತಿ. ದೇವದತ್ತ ದಪ್ಪಗಿದ್ದಾನೆ, ಹಗಲು ಊಟ ಮಾಡುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಶತಮಾನಗಳಿಂದ ಪಾಠಶಾಲೆಗಳಲ್ಲಿ ಉರು ಹೊಡೆಸಿದ ಈ ದೇವದತ್ತ ಯಾರೆಂದು ಯಾರೂ ವಿಚಾರಿಸಿದಂತಿಲ್ಲ. ನಮ್ಮ ಶೋಧನೆಯಂತೆ ಅವನು ಹೆಬ್ಬಾತು. ಮಾಗಡಿಯಲ್ಲಿ ಅದು ಹಗಲೆಲ್ಲ ನೀರಿನಲ್ಲಿ ಉಪವಾಸಿಯಂತೆ ಕೂತು, ಕತ್ತಲಾದ ಮೇಲೆ ಎದ್ದು ಸುತ್ತಲಿನ ಹೊಲಗಳಲ್ಲಿ ಮೇಯುತ್ತದೆ. ಕಾರ್ತಿಕದಲ್ಲಿ ಎರೆಹೊಲದ ಕಡಲೆ ಆಗಷ್ಟೇ ಚಿಗುರಿರುತ್ತದೆ. ಹಿಮಾಲಯ ದಾಟುವುದನ್ನೂ ಅದು ಹೆಚ್ಚಾಗಿ ರಾತ್ರಿ, ಬೆಳಗಿನ ಜಾವದಲ್ಲೇ ಇಟ್ಟುಕೊಳ್ಳುತ್ತದೆ. ಆಗ ಗಾಳಿ ತಣ್ಣಗೆ, ದಟ್ಟವಾಗಿರುತ್ತದೆ. 7,000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ಅದರ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ದೇವದತ್ತನ ರಕ್ತ ಪರೀಕ್ಷೆ ಮೀಮಾಂಸಕರಿಂದ ಉಳಿದುಹೋದ ಕೆಲಸ.

ಆರನೆಯದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಇದ್ದಿದ್ದರೆ ಕಾಣಲೇಬೇಕಿತ್ತು ಎಂಬಂತಿದ್ದರೆ ಮಾತ್ರ ಈ ನಿಯಮ. ಉಪ್ಪಿಟ್ಟು, ಮಿರ್ಚಿ, ಎರಡು ಚಹಾ ಮುಗಿಸಿ ಹನ್ನೊಂದಕ್ಕೆ ಬಂದು 'ಈ ವರ್ಷ ಹಕ್ಕಿಗಳೇ ಇಲ್ಲ' ಎನ್ನುವುದು ಅನುಪಲಬ್ಧಿಯಲ್ಲ, ಅಜೀರ್ಣ. ಇದನ್ನು ಬಲ್ಲದ್ದರಿಂದಲೇ, ಹಕ್ಕಿ ನೋಡುವವರ ಪಟ್ಟಿಗಳನ್ನು ಕೂಡಿಡುವ ಇಬರ್ಡ್ ಜಾಲತಾಣವು ಪಟ್ಟಿ ಸ್ವೀಕರಿಸುವ ಮುನ್ನ, ಗುರುತಿಸಲಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂದು ಕೇಳುತ್ತದೆ. ಹೌದೆಂದರೆ ಬರೆಯದ ಹಕ್ಕಿಯೂ ಲೆಕ್ಕಕ್ಕೆ ಬಂತು. ಕಾಗೆ, ಗೊರವಂಕವನ್ನು 'ಇದೇನು ಮಹಾ' ಎಂದು ಬಿಟ್ಟವನು ಅವು ಊರು ತೊರೆದವೆಂದು ಸಾಕ್ಷಿ ನುಡಿದಂತಾಯಿತು.

ಸಿದ್ಧಾಂತ. ಹೀಗೆ ಆರೂ ಪ್ರಮಾಣಗಳು ದಂಡೆಯ ಮೇಲೆ ಬೆವರುತ್ತಿರುವಾಗ, ಹೊಲದ ಕಡೆಯಿಂದ ಬಂದ ರೈತನೊಬ್ಬ ಹೇಳುತ್ತಾನೆ: 'ಹಗಲಿ ಮಕ್ಕೊಂತಾವ್ರೀ ಸಾಹೇಬ್ರ, ರಾತ್ರಿ ನಮ್ಮ ಕಡ್ಲಿ ಹೊಲ್ದಾಗ ಇರ್ತಾವು. ಬರ್ರಿ, ಹಿಕ್ಕಿ ತೋರಸ್ತೀನಿ.' ಇವನ ಬಳಿ ಬೈನಾಕ್ಯುಲರ್ ಇಲ್ಲ, ಪಟ್ಟಿಯಿಲ್ಲ. ಆದರೂ ಹಕ್ಕಿ ಯಾವಾಗ ಬಂತು, ಯಾವ ಮಗ್ಗುಲಲ್ಲಿ ಇಳಿಯಿತು, ಎಷ್ಟು ಸಾಲು ಮೇಯಿತು ಎಲ್ಲವೂ ಗೊತ್ತು. ಆದ್ದರಿಂದ ಏಳನೆಯ ಪ್ರಮಾಣವೊಂದನ್ನು ಒಪ್ಪಲೇಬೇಕು. ಅದರ ಹೆಸರು ಹಾನಿ. ಹಕ್ಕಿಗಾಗಿ ಯಾರು ಏನನ್ನು ಕಳೆದುಕೊಂಡರೋ ಅವರಿಗೆ ಅಷ್ಟು ಜ್ಞಾನ. ಲೆನ್ಸಿಗೆ ದುಡ್ಡು ಕಳೆದವನಿಗೂ ಹಾನಿಯಾಗಿದೆಯಲ್ಲ ಎಂದರೆ, ಆಗಿದೆ. ಆದರೆ ಅದನ್ನು ತಿಂದದ್ದು ಹೆಬ್ಬಾತಲ್ಲ.

ಫಲಶ್ರುತಿ. ಇದನ್ನು ಕಾರ್ತಿಕದ ಶನಿವಾರ ಪಠಿಸಿದವನಿಗೆ ಭಾನುವಾರ ಹೆಬ್ಬಾತು ತಲೆಯೆತ್ತಿ ದರ್ಶನ ಕೊಡುವುದು. ಕೊಡದಿದ್ದರೆ, ಪಠಿಸುವಾಗ ಧ್ವನಿ ಜೋರಾಯಿತೆಂದು ತಿಳಿಯತಕ್ಕದ್ದು.