ಕಿಡಿಯ ಮರ್ಜಿ

ಹಳೆಯ ಯೆಜ್ಡಿ ಬೈಕು ಇಟ್ಟುಕೊಂಡವರನ್ನು ‘ಆರೋಗ್ಯವೇ?’ ಎಂದು ಕೇಳಬಾರದು. ‘ಕರೆಂಟ್ ಬರ್ತಿದೆಯಾ?’ ಎಂದು ಕೇಳಬೇಕು. ಮಳೆಗಾಲದ ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಬೆವರಿ ನಾನು ‘ಕರೆಂಟೇ ಇಲ್ಲ’ ಎಂದು ಗೊಣಗಿದರೆ, ಒಳಗಿನಿಂದ ಹೆಂಡತಿ, ‘ಫ್ಯಾನು ತಿರುಗ್ತಾ ಇದೆಯಲ್ರೀ!’ ಎನ್ನುತ್ತಾಳೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಯಾದವಗಿರಿಯ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಗಾಡಿಗಳು ಮಾತ್ರ ಇನ್ನೂ ಓಡಾಡುತ್ತಿವೆ. ಅವುಗಳ ಜೀವ ಇರುವುದು ಎಂಜಿನ್ನಿನ ಪಕ್ಕದ ಕವರಿನೊಳಗೆ, ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ಬಿಲ್ಲೆಗಳಲ್ಲಿ. ಎರಡೂ ಕೂಡಿದ್ದಾಗ ಆರು ವೋಲ್ಟ್ ಬ್ಯಾಟರಿಯ ಕರೆಂಟು ಕಾಯಿಲಿನಲ್ಲಿ ಹರಿಯುತ್ತದೆ. ಬೇರೆಯಾದ ಗಳಿಗೆಯಲ್ಲಿ ಅದೇ ಸಾವಿರಾರು ವೋಲ್ಟಾಗಿ ಪ್ಲಗ್ಗಿನ ತುದಿಯಲ್ಲಿ ಸಿಡಿಯುತ್ತದೆ. ಒಟ್ಟಿಗಿದ್ದಾಗ ತೆಪ್ಪಗಿದ್ದು ಪಾಲಾಗುವಾಗ ಕಿಡಿ ಕಾರುವ ಅಣ್ಣತಮ್ಮಂದಿರ ಹಾಗೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಪಾಲು! ಬಿಲ್ಲೆಗಳು ಸುಟ್ಟು ಗುಳಿ ಬೀಳದೆ ಇನ್ನೇನಾದೀತು? ನಡುವೆ ನಿಂತು ಜಗಳ ತಣಿಸುವುದು ಕಂಡೆನ್ಸರ್. ಅದು ಕೈಕೊಟ್ಟರೆ ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ ಪಾಯಿಂಟಿನಲ್ಲೇ ಹಾರಿ ಮುಗಿಯುತ್ತದೆ.

ಬಿಲ್ಲೆಗಳು ಬಿಡಬೇಕಾದ ಸಂದು ಸುಮಾರು 0.4 ಮಿಲಿಮೀಟರ್. ನಮ್ಮ ಮೇಸ್ತ್ರಿ ಫೀಲರ್ ಗೇಜನ್ನು ಗೂಡಿನಲ್ಲಿ ದೇವರ ಪಟದ ಪಕ್ಕ ಇಟ್ಟು, ಮದುವೆ ಕಾರ್ಡಿನ ತುಂಡಿನಿಂದ ಗ್ಯಾಪ್ ನೋಡುತ್ತಾರೆ. ‘ಬಡವರ ಮನೆ ಕಾರ್ಡು ಸರಿಯಾಗಿ ಕೂರುತ್ತೆ ಸಾರ್. ಸಾಹುಕಾರರದ್ದು ದಪ್ಪ, ಟೈಮಿಂಗ್ ಕೆಡುತ್ತೆ.’ ಆಮೇಲೆ ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯುವ ಪರೀಕ್ಷೆ. ಪ್ಲಗ್ ಹಿಡಿಯುವ ಭಾಗ್ಯ ಯಾವಾಗಲೂ ಹೊಸದಾಗಿ ಸೇರಿದ ಹುಡುಗನದು. ಅವನು ಹಾರಿಬಿದ್ದರೆ ಕಾಯಿಲ್ ಚೆನ್ನಾಗಿದೆ ಎಂದರ್ಥ.

‘ಅಪ್ಪಾ, ಸಿಡಿಐ ಹಾಕಿಸಿಬಿಡಿ’ ಎಂದು ಮಗ ಹಟ ಹಿಡಿದ. ಪಾಯಿಂಟಿನ ಬದಲು ಕೂರುವ ಎಲೆಕ್ಟ್ರಾನಿಕ್ ಕಿಡಿಡಬ್ಬಿ ಅದು. ಹಾಕಿಸಿದೆ. ಪಾಯಿಂಟಿಲ್ಲ, ಉಪ್ಪುಕಾಗದದಿಂದ ಉಜ್ಜುವುದಿಲ್ಲ. ತಿರುಗುವ ಆಯಸ್ಕಾಂತ ಸೂಚನೆ ಕೊಟ್ಟರೆ ಕರಿಡಬ್ಬಿ ಕಿಡಿ ಹಚ್ಚುತ್ತದೆ. ಜೊತೆಗೆ ಗಾಡಿಯೂ ಹನ್ನೆರಡು ವೋಲ್ಟಿಗೆ ಬದಲಾದ್ದರಿಂದ ಹೆಡ್‌ಲೈಟಿನಲ್ಲಿ ರಸ್ತೆಯೂ ಕಾಣುತ್ತದೆ. ಮೊದಲ ಕಿಕ್ಕಿಗೇ ಸ್ಟಾರ್ಟು! ಆದರೆ ಮೊದಲೆಲ್ಲ ಗಾಡಿ ತಳ್ಳಲು ಬಂದು ಒಬ್ಬರು ಪ್ಲಗ್ಗು, ಇನ್ನೊಬ್ಬರು ಕಾರ್ಬುರೇಟರ್, ನಿವೃತ್ತ ಹೆಡ್‌ಮಾಸ್ಟರು ಪೆಟ್ರೋಲ್ ಕಾಕು ಎಂದು ವಾದಿಸುತ್ತಿದ್ದ ನೆರೆಹೊರೆ ಈಗ ನಮ್ಮ ಗೇಟಿನತ್ತ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ವ್ಯತ್ಯಾಸವಿದೆ. ಪಾಯಿಂಟು ಸಾಯುವ ಮುಂಚೆ ಕೆಮ್ಮಿ, ಕ್ಯಾಕರಿಸಿ, ದಿಣ್ಣೆಯಲ್ಲಿ ಏದುಸಿರುಬಿಟ್ಟು ವಾರ ಮೊದಲೇ ಹೇಳಿಕೊಳ್ಳುತ್ತದೆ. ಕರಿಡಬ್ಬಿ ಹೇಳದೆ ಕೇಳದೆ ಹೋಗಿಬಿಡುತ್ತದೆ. ಊರಾಚೆ ಹೋದರೆ ಯಾವ ಮದುವೆ ಕಾರ್ಡೂ ಕಾಪಾಡದು. ಆದರೂ ದಿನಾ ಆಫೀಸಿಗೆ ಗಾಡಿ ಬೇಕಾದವರಿಗೆ ಸಿಡಿಐಯೇ ಸರಿ ಎನ್ನುತ್ತೇನೆ. ದುಡ್ಡು ಬಿಚ್ಚುವ ಮುಂಚೆ ಒಮ್ಮೆ ಅರ್ತ್ ವೈರಿನ ತುಕ್ಕು ಕೆರೆದು, ಪ್ಲಗ್ ಕ್ಯಾಪ್ ನೋಡಿ, ಹೊಸ ಕಂಡೆನ್ಸರ್ ಹಾಕಿಸಿ. ಅರ್ಧ ರೋಗ ಅಲ್ಲೇ ವಾಸಿಯಾಗುತ್ತದೆ. ವಾಸಿಯಾಗದೆ ಸಿಡಿಐ ಹಾಕಿಸಿದಿರೋ, ಬಿಚ್ಚಿದ ಹಳೆಯ ಸೆಟ್ಟನ್ನು ಗುಜರಿಗೆ ಕೊಡಬೇಡಿ, ಎತ್ತಿಡಿ.