ಹೆಬ್ಬೆಟ್ಟಿನ ಅಧ್ಯಕ್ಷರು

ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತಲ್ಲ, ಅದರಲ್ಲಿ ತಮ್ಮದೂ ಪಾಲಿದೆ ಎನ್ನುವವರು ಓಣಿಗೊಬ್ಬರಿದ್ದಾರೆ. ನಾನು ಹೇಳುತ್ತಿರುವುದು ಅಂಥವರೊಬ್ಬರ ಬಗ್ಗೆ. ಗಣೇಶೋತ್ಸವಕ್ಕೆ ಅವರು ಅಧ್ಯಕ್ಷರು, ರೈಲು ನಿಲುಗಡೆ ಹೋರಾಟಕ್ಕೆ ಸಂಚಾಲಕರು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಊಟದ ಕೂಪನ್ನಿಗೂ ಅವರೇ ದಿಕ್ಕು. ಈಗ ಮಕ್ಕಳನ್ನು ಎ.ಐ.ಯಿಂದ ಕಾಪಾಡಲು ಪಾಲಕರನ್ನು ಸಂಘಟಿಸುತ್ತಿದ್ದಾರೆ. ಲೆಟರ್‌ಹೆಡ್ ಬಂದಿದೆ, ರಬ್ಬರ್ ಸ್ಟ್ಯಾಂಪ್ ಬಂದಿದೆ, ವಾಟ್ಸಾಪ್ ಗುಂಪಿನಲ್ಲಿ ದಿನವೂ ಶುಭೋದಯದ ಚಿತ್ರ ಬೀಳುತ್ತಿದೆ. ಆ ಚಿತ್ರದಲ್ಲಿ ಗುಲಾಬಿ ಹಿಡಿದ ಕೂಸಿನ ಕೈಗೆ ಆರು ಬೆರಳು. ಬಿಡಿಸಿದವರು ಯಾರೆಂದು ಅಧ್ಯಕ್ಷರಿಗೆ ಇನ್ನೂ ಅನುಮಾನ ಬಂದಿಲ್ಲ.

ಅವರು ಹುಟ್ಟಿದ್ದು 1974ರಲ್ಲಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಆಗಿದ್ದೂ ಅದೇ ವರ್ಷ. ಈ ಯೋಗಾಯೋಗವನ್ನು ರಾಣೆಬೆನ್ನೂರಿನ ಸಭೆಯಲ್ಲಿ ಅವರು ಬಿಟ್ಟುಕೊಡಲಿಲ್ಲ. "ಜಿಂಕಿಗೆ ಅಭಯಾರಣ್ಯ ಐತಿ, ನಮ್ಮ ಮಕ್ಕಳಿಗೆ ಬ್ಯಾಡೇನ್ರೀ?" ಎಂದು ಮೇಜು ಗುದ್ದಿದರು. ಚಪ್ಪಾಳೆ ಬಿತ್ತು. ಬೇಲಿ ಹಾಕುವುದು ಎಲ್ಲಿ, ಹೇಗೆ ಎಂದು ಯಾರೂ ಕೇಳಲಿಲ್ಲ. ಮುಖ್ಯ ಅತಿಥಿಗಳು ಹಾವೇರಿಯ ಏಲಕ್ಕಿ ಹಾರ ಹಾಕಿಕೊಂಡು, ಸೈಬರ್ ವಂಚನೆಯಾದರೆ 1930ಕ್ಕೆ, ಮಕ್ಕಳಿಗೆ ತೊಂದರೆಯಾದರೆ 1098ಕ್ಕೆ ಫೋನ್ ಮಾಡಿ ಎಂದರು. ಇಡೀ ಸಭೆಯಲ್ಲಿ ಮನೆಗೆ ಒಯ್ಯುವಂಥ ಮಾತು ಅದೊಂದೇ. ವರದಿಯಲ್ಲಿ ಬಂದದ್ದು ಹಾರದ ಫೋಟೋ.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಸಭೆ ಇಟ್ಟರೆ ಕುರ್ಚಿಗಳೇ ಕೇಳಬೇಕು. ಅವು ಮೆಣಸಿನಕಾಯಿ ಪೇಟೆಯ ದಿನಗಳು. ಹಾಗಾಗಿ ಭಾನುವಾರ ಕರೆದರು. ಅಧ್ಯಕ್ಷರ ಭಾಷಣ ಆ ಊರಿನ ಮೆಣಸಿನಕಾಯಿಯಂತೆಯೇ ಇತ್ತು: ಬಣ್ಣ ಬಹಳ, ಖಾರ ಕಡಿಮೆ. ಹಿಂದಿನ ಸಾಲಿನಲ್ಲಿದ್ದ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದ ತಾಯಿಯೊಬ್ಬಳು ಎದ್ದು ಕೇಳಿದಳು: "ನನ್ನ ಮಗ ಲೆಕ್ಕಾನೂ ಅದಕ್ಕ ಕೇಳಿ ಬರೀತಾನ್ರೀ. ಅದು ತಪ್ಪು ಹೇಳಿದ್ರ ನಮಗ ಹ್ಯಾಂಗ ಗೊತ್ತಾಗಬೇಕು?" ಅಧ್ಯಕ್ಷರು ನಕ್ಕು, "ಭಾಳ ಚಲೋ ಪ್ರಶ್ನೆವಾ, ಮುಂದಿನ ಸಭೆಗೆ ತಗೊಳ್ಳೋಣು" ಎಂದರು. ನಡಾವಳಿ ಪುಸ್ತಕದಲ್ಲಿ ಹೀಗೆ ದಾಖಲಾಯಿತು: "ಮಹಿಳೆಯರೂ ಉತ್ಸಾಹದಿಂದ ಭಾಗವಹಿಸಿದ್ದರು."

ಕಾನೂನು ಅವರಿಗೆ ಬಾಯಿಪಾಠ. ಕೇಂದ್ರದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ಖಾತ್ರಿ ಮಾಡಿಕೊಳ್ಳುವಂತಿರಬೇಕು. ಚಾಟ್‌ಜಿಪಿಟಿಯ ನಿಯಮದಲ್ಲಿ 13ಕ್ಕಿಂತ ಚಿಕ್ಕವರಿಗೆ ಪ್ರವೇಶವೇ ಇಲ್ಲ. ಇಷ್ಟನ್ನೂ ಹೇಳಿ ಮನೆಗೆ ಬಂದು ಮಂಚದ ಮೇಲೆ ಅಡ್ಡಾದರೆ ಆರನೇ ಇಯತ್ತೆಯ ಮಗಳು ಫೋನ್ ಹಿಡಿದು ಬರುತ್ತಾಳೆ. "ಅಪ್ಪಾ, ಹೆಬ್ಬೆಟ್ಟು." ಅಧ್ಯಕ್ಷರು ಕಣ್ಣು ತೆರೆಯದೆ ಬೆರಳು ಚಾಚುತ್ತಾರೆ. ಪಾಲಕರ ಒಪ್ಪಿಗೆ ಆಯಿತು.

ಮಗಳು ಬಳಸುವ ಚಾಟ್‌ಜಿಪಿಟಿ ಖಾತೆ ಅವರದೇ, ಅದರಲ್ಲಿನ ಹುಟ್ಟಿದ ಇಸವಿಯೂ 1974. ಯಂತ್ರದ ಲೆಕ್ಕದಲ್ಲಿ ಆ ಹುಡುಗಿ ಐವತ್ತು ದಾಟಿದ ಗಂಡಸು. ಹೊಟ್ಟೆನೋವು ಎಂದರೆ ಬಿ.ಪಿ., ಶುಗರ್ ನೋಡಿಸಿಕೊಳ್ಳಿ ಎನ್ನುತ್ತದೆ. ಹದಿಹರೆಯದವರಿಗಾಗಿ ಕಂಪನಿ 2025ರ ಸೆಪ್ಟೆಂಬರಿನಲ್ಲಿ ತಂದ ಪಾಲಕರ ನಿಯಂತ್ರಣದ ಸೌಲಭ್ಯವೂ ಇಲ್ಲಿ ಕೆಲಸಕ್ಕೆ ಬಾರದು. ಅಪ್ಪನ ಖಾತೆಗೆ ಅಪ್ಪನನ್ನೇ ಕಾವಲು ಹಾಕುವುದು ಹೇಗೆ? ಪಾಸ್‌ವರ್ಡ್ ಕೂಡ ಮಗಳಿಗೇ ಗೊತ್ತು. ಅಧ್ಯಕ್ಷರು ಮರೆತಾಗಲೆಲ್ಲ ಅವಳನ್ನೇ ಕೇಳುತ್ತಾರೆ.

ಆದರೂ ಇಂಥವರು ಊರಿಗೆ ಬೇಕು. ಕುರ್ಚಿ ಹಾಕಿಸಿ ಹತ್ತು ಜನರನ್ನು ಸೇರಿಸುವುದು ಸಣ್ಣ ಕೆಲಸವಲ್ಲ. ಆದರೆ ಅದಕ್ಕೆ ಹೊಸ ಲೆಟರ್‌ಹೆಡ್ ಬೇಕಿರಲಿಲ್ಲ. ಸರ್ಕಾರಿ ಶಾಲೆಗಳಲ್ಲಿ ಪಾಲಕರೇ ಕೂರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) 2001ರಿಂದ ಇದೆ. ಆ ತಾಯಿಯ ಪ್ರಶ್ನೆಯನ್ನು ಅಲ್ಲಿ ಮೊದಲ ವಿಷಯವಾಗಿ ಇಟ್ಟು, ಲೆಕ್ಕದ ಮಾಸ್ತರರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ ನಿಮ್ಮದು: ನಿಮ್ಮ ಮಗು ಬಳಸುತ್ತಿರುವ ಖಾತೆಯಲ್ಲಿ ಹುಟ್ಟಿದ ಇಸವಿ ಯಾರದ್ದಿದೆ, ಇವತ್ತು ರಾತ್ರಿಯೇ ನೋಡಿ.